ಡಿಗ್ರಿ ಕ್ಲಾಸಿನಲ್ಲಿ ಹೊಸ ಬಗೆಯ ಪಾಠ, ಹೊಸ ಬಗೆಯ ಟೆಸ್ಟ್: ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲೂಕು ಕೇಂದ್ರವೊಂದರ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಹದಿನಾರು ವರ್ಷವಾಯಿತು. ಮೊದಲ ಎಂಟು ವರ್ಷ ಬೋರ್ಡ್ ತುಂಬ ಬರೆದೆ, ಹುಡುಗರು ನೋಟ್‌ಬುಕ್ ತುಂಬ ಇಳಿಸಿಕೊಂಡರು. ಆಮೇಲೆ ಪಾಠದ ರೀತಿಯನ್ನೂ, ಕಾಲೇಜಿನಲ್ಲೇ ನಾವು ಅಂಕ ಕೊಡುವ ಇಂಟರ್ನಲ್ಸ್ ರೀತಿಯನ್ನೂ ಸ್ವಲ್ಪ ಸ್ವಲ್ಪವಾಗಿ ಬದಲಿಸಿದೆ. ರಿಫ್ರೆಶರ್ ಕೋರ್ಸುಗಳಲ್ಲಿ, ವ್ಯಾಲ್ಯುಯೇಷನ್ ಕ್ಯಾಂಪಿನ ಟೀ ಹೊತ್ತಿನಲ್ಲಿ ಬೇರೆ ಬೇರೆ ಊರಿನ ಮೇಷ್ಟ್ರುಗಳು ನನ್ನನ್ನು ಕೇಳಿದ ಪ್ರಶ್ನೆಗಳು ಇವು.

ಈಗಿನ ಪಾಠದಲ್ಲಿ ತಪ್ಪೇನಿದೆ? ನಾವೂ ಹೀಗೇ ಕಲಿತವರಲ್ವಾ?

ಹೌದು. ಆದರೆ ನಮ್ಮ ಜೊತೆ ಕೂತಿದ್ದ ಉಳಿದವರು ಎಲ್ಲಿ ಹೋದರು ಅಂತ ಯೋಚಿಸಿ. ಹೇಗೆ ಪಾಠ ಮಾಡಿದರೂ ಕಲಿಯುವ ನಾಲ್ಕೈದು ಜನ ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅಂಥವರೇ ಮುಂದೆ ಮೇಷ್ಟ್ರಾಗುವುದು. ಹಾಗಾಗಿ ನಮ್ಮ ಅನುಭವವನ್ನು ಇಡೀ ಕ್ಲಾಸಿಗೆ ಹಚ್ಚುವ ಹಾಗಿಲ್ಲ.

ಇದು ನಮ್ಮ ಕಾಲೇಜುಗಳ ತೊಂದರೆ ಮಾತ್ರ ಅಲ್ಲ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅಂತ ಫಿಸಿಕ್ಸ್ ಪ್ರೊಫೆಸರ್ ಇದ್ದಾರೆ. ಅವರ ಪಾಠ ವಿದ್ಯಾರ್ಥಿಗಳಿಗೆ ಇಷ್ಟವಾಗಿತ್ತು, ಲೆಕ್ಕಗಳನ್ನೂ ಚೆನ್ನಾಗಿ ಮಾಡುತ್ತಿದ್ದರು. ಅರಿಜೋನಾದ ಇಬ್ಬರು ಸಂಶೋಧಕರು ಬಲ, ಚಲನೆ ಬಗ್ಗೆ ಸೂತ್ರವೇ ಬೇಡದ, ಬರೀ ಮಾತಿನ ಪ್ರಶ್ನೆಗಳ ಒಂದು ಟೆಸ್ಟ್ ಮಾಡಿದ್ದರು. ನಮ್ಮ ಹುಡುಗರಿಗೆ ಇದೇನು ಮಹಾ ಅಂತ ಮಜೂರ್ ಅದನ್ನೇ ಕೊಟ್ಟರು. ಫಲಿತಾಂಶ ಕಂಡು ಅವರೇ ಬೆಚ್ಚಿದರು. ಒಬ್ಬ ವಿದ್ಯಾರ್ಥಿನಿಯಂತೂ, ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಲಾ, ನನಗೆ ಅನಿಸಿದ ಹಾಗೆ ಬರೆಯಲಾ ಅಂತ ಕೇಳಿದಳಂತೆ. ಪರೀಕ್ಷೆಗೆ ಒಂದು ಫಿಸಿಕ್ಸ್, ಬದುಕಿಗೆ ಇನ್ನೊಂದು! 1991ರಿಂದ ಅವರು ಪಾಠದ ರೀತಿಯನ್ನೇ ಬದಲಿಸಿದರು. ಜೊತೆಗಾರರೇ ಒಬ್ಬರಿಗೊಬ್ಬರು ಕಲಿಸುವ ಆ ವಿಧಾನಕ್ಕೆ ಪಿಯರ್ ಇನ್‌ಸ್ಟ್ರಕ್ಷನ್ ಅಂತ ಹೆಸರು.

ಅಂದರೆ ಕ್ಲಾಸಿನಲ್ಲಿ ಏನು ಮಾಡುತ್ತೀರಿ? ಒಂದು ಪೀರಿಯಡ್ ಬಿಡಿಸಿ ಹೇಳಿ.

ನ್ಯೂಟನ್ನನ ಮೂರನೇ ನಿಯಮ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷ ಮಾಮೂಲಿ ಪಾಠ. ಆಮೇಲೆ ಬೋರ್ಡಿನ ಮೇಲೆ ಒಂದು ಪ್ರಶ್ನೆ: ಮರಳು ತುಂಬಿದ ಲಾರಿ ಒಂದು ಮೊಪೆಡ್‌ಗೆ ಗುದ್ದುತ್ತದೆ. ಲಾರಿ ಮೊಪೆಡ್ ಮೇಲೆ ಹಾಕುವ ಬಲ ಜಾಸ್ತಿಯೋ, ಮೊಪೆಡ್ ಲಾರಿ ಮೇಲೆ ಹಾಕುವ ಬಲ ಜಾಸ್ತಿಯೋ, ಎರಡೂ ಸಮವೋ?

ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ ಅಕ್ಷರ ಬರೆದ ಕಾರ್ಡ್ ಎತ್ತಬೇಕು. ಈಗಷ್ಟೇ ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಅಂತ ಬಾಯಲ್ಲಿ ಹೇಳಿದವರೇ ಲಾರಿಯ ಬಲ ಜಾಸ್ತಿ ಅಂತ ಎತ್ತುತ್ತಾರೆ. ಪ್ರತಿ ವರ್ಷ ಹೀಗೇ ಆಗುತ್ತದೆ. ನಾನು ಸರಿ, ತಪ್ಪು ಏನೂ ಹೇಳುವುದಿಲ್ಲ. ನಿಮಗಿಂತ ಬೇರೆ ಕಾರ್ಡ್ ಎತ್ತಿದವರನ್ನು ಹುಡುಕಿ, ಎರಡು ನಿಮಿಷ ಜಗಳ ಆಡಿ ಅನ್ನುತ್ತೇನೆ. ಕ್ಲಾಸ್ ಸಂತೆಯಾಗುತ್ತದೆ, ಆಗಲಿ ಬಿಡಿ. ನಾನು ಸುಮ್ನೆ ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿಕೊಳ್ಳುತ್ತೇನೆ. ‘ಮೊಪೆಡ್ ಅಪ್ಪಚ್ಚಿ ಆಗುತ್ತೆ ಕಣೋ, ಲಾರಿಗೆ ಏನೂ ಆಗಲ್ಲ’ ಅಂತ ಒಬ್ಬ. ‘ಅಪ್ಪಚ್ಚಿ ಆಗೋದು ಬೇರೆ, ಬಲ ಬೇರೆ. ಮೊಪೆಡ್ ಹಗುರ, ಅದಕ್ಕೆ ಅದರ ವೇಗ ಜಾಸ್ತಿ ಬದಲಾಗುತ್ತೆ’ ಅಂತ ಇನ್ನೊಬ್ಬಳು. ಈ ಎರಡನೇ ಮಾತನ್ನು ನಾನು ಹೇಳಿದ್ದರೆ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಬೆಂಚಿನ ಗೆಳತಿ ಹೇಳಿದರೆ ತಲೆಗೆ ಹೋಗುತ್ತದೆ. ಅವಳಿಗೆ ಅದು ಗೊತ್ತಾಗಿ ಐದು ನಿಮಿಷವಷ್ಟೇ ಆಗಿದೆ. ಎಲ್ಲಿ ಗೊಂದಲ ಅಂತ ಅವಳಿಗೆ ಇನ್ನೂ ನೆನಪಿದೆ. ನನಗೆ ಮರೆತು ಎಷ್ಟೋ ಕಾಲವಾಗಿದೆ.

ಮತ್ತೆ ಕಾರ್ಡ್ ಎತ್ತಿಸುತ್ತೇನೆ. ಆಮೇಲೆ ಮೂರು ನಿಮಿಷ ನನ್ನ ವಿವರಣೆ. ಒಂದು ಪೀರಿಯಡ್ಡಿಗೆ ಇಂಥ ಎರಡು ಪ್ರಶ್ನೆ ಸಾಕು.

ಒಂದು ಎಚ್ಚರಿಕೆ. ಮೊದಲ ಸಲವೇ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಸರಿ ಹೇಳಿದರೆ ಜಗಳ ಬೇಕಾಗಿಲ್ಲ, ಮುಂದೆ ಹೋಗಿ. ಮೂವತ್ತಕ್ಕಿಂತ ಕಡಿಮೆ ಇದ್ದರೆ ಜಗಳ ಆಡಿಸಿ ಪ್ರಯೋಜನವಿಲ್ಲ. ಕುರುಡರಿಗೆ ಕುರುಡರು ದಾರಿ ತೋರಿಸಿದ ಹಾಗಾಗುತ್ತದೆ. ವಾಪಸ್ ಹೋಗಿ ಪಾಠ ಮಾಡಿ.

ಇದಕ್ಕೆ ಕ್ಲಿಕ್ಕರ್, ಸ್ಮಾರ್ಟ್ ಬೋರ್ಡ್ ಎಲ್ಲ ಬೇಕಾ?

ಬೇಡ. ಬಣ್ಣದ ಕಾಗದದಲ್ಲಿ ಎ, ಬಿ, ಸಿ, ಡಿ ಅಂತ ಬರೆದ ನಾಲ್ಕು ಚೀಟಿ ಸಾಕು. ರಿಮೋಟ್ ಥರದ ಕ್ಲಿಕ್ಕರ್ ಕೊಟ್ಟ ಕ್ಲಾಸು, ಬರೀ ಕಾರ್ಡ್ ಕೊಟ್ಟ ಕ್ಲಾಸು ಎರಡನ್ನೂ ಕೆನಡಾದಲ್ಲಿ ಹೋಲಿಸಿ ನೋಡಿದ್ದಾರೆ. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾರು ಏನು ಎತ್ತಿದರು ಅಂತ ಲೆಕ್ಕ ಇಡಬೇಕು ಅನಿಸಿದರೆ ಪ್ಲಿಕರ್ಸ್ ಆ್ಯಪ್ ಇದೆ. ಹುಡುಗರ ಕೈಯಲ್ಲಿ ಪ್ರಿಂಟ್ ಮಾಡಿದ ಕಾಗದ ಇರುತ್ತದೆ, ಫೋನ್ ಮೇಷ್ಟ್ರ ಕೈಯಲ್ಲಿ ಮಾತ್ರ.

ಪೋರ್ಷನ್ ಮುಗಿಯುತ್ತಾ?

ಪ್ರತಿ ಸಲ ಮೊದಲು ಬರುವ ಪ್ರಶ್ನೆ ಇದೇ. ನೇರವಾಗಿ ಹೇಳುತ್ತೇನೆ: ಮೊದಲ ಸೆಮ್‌ನಲ್ಲಿ ನನಗೆ ಮುಗಿಯಲಿಲ್ಲ. ಕೊನೆಯ ಯೂನಿಟ್‌ಗೆ ಶನಿವಾರ ಮಧ್ಯಾಹ್ನ ಎಕ್ಸ್‌ಟ್ರಾ ಕ್ಲಾಸ್ ತೆಗೆದುಕೊಂಡೆ. ಎರಡನೇ ವರ್ಷದಿಂದ ಡೆರಿವೇಷನ್‌ಗಳನ್ನು ಬೋರ್ಡಿನ ಮೇಲೆ ಪೂರ್ತಿ ಬರೆಯುವುದನ್ನು ಬಿಟ್ಟೆ. ಅವು ಪುಸ್ತಕದಲ್ಲಿವೆ, ಮನೆಯಲ್ಲಿ ಓದಿಕೊಂಡು ಬರಬಹುದು. ಎಲ್ಲಿ ಎಡವುತ್ತಾರೋ ಆ ಎರಡು ಹೆಜ್ಜೆಗಳನ್ನು ಮಾತ್ರ ಕ್ಲಾಸಿನಲ್ಲಿ ಮಾಡುತ್ತೇನೆ. ಈಗ ಮುಗಿಯುತ್ತದೆ.

ಚರ್ಚೆ ಕನ್ನಡದಲ್ಲಿ ನಡೆಯಬಹುದಾ? ಪರೀಕ್ಷೆ ಇಂಗ್ಲಿಷಿನಲ್ಲಿ ತಾನೇ?

ನಡೆಯಲೇಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ. ಇಂಗ್ಲಿಷಿನಲ್ಲೇ ಮಾತಾಡಿ ಅಂದ ದಿನ ಕ್ಲಾಸು ಸ್ಮಶಾನ. ಕನ್ನಡದಲ್ಲಿ ಜಗಳ ಆಡಲಿ. ಕೊನೆಗೆ ಪ್ರತಿ ಬೆಂಚಿನವರು ತಮ್ಮ ಕಾರಣವನ್ನು ಎರಡೇ ಎರಡು ಇಂಗ್ಲಿಷ್ ವಾಕ್ಯದಲ್ಲಿ ಬರೆಯಲಿ. ಮೊಮೆಂಟಮ್ಮಿಗೆ ಸಂವೇಗ ಅನ್ನುವುದೋ ಮೊಮೆಂಟಮ್ ಅನ್ನುವುದೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅವರಿಗೆ ಯಾವುದು ಬಾಯಿಗೆ ಬರುತ್ತದೋ ಅದು. ಮೂರು ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ಕೂರಬಹುದಾಗಿದ್ದ ಹುಡುಗಿಯರು ಪಕ್ಕದವಳ ಜೊತೆ ಕನ್ನಡದಲ್ಲಿ ಎಷ್ಟು ಚೂಪಾಗಿ ವಾದ ಮಾಡುತ್ತಾರೆ ಅಂತ ಗೊತ್ತಾಗಿದ್ದೇ ನನಗೆ ದೊಡ್ಡ ಲಾಭ.

ಇದೆಲ್ಲ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಏನು?

ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ಕ್ಲಾಸುಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ಸರಾಸರಿ ನೂರಕ್ಕೆ 33.8 ಜನ ಫೇಲ್. ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟ ಕ್ಲಾಸುಗಳಲ್ಲಿ 21.8. ಅರವತ್ತು ಜನರ ನಮ್ಮ ಕ್ಲಾಸಿಗೆ ಇದೇ ಲೆಕ್ಕ ಹಾಕಿದರೆ ಏಳು ಮಕ್ಕಳ ಮಾತು. ಊರಿನಿಂದ ಊರಿಗೆ ಅಂಕಿ ಬದಲಾಗಬಹುದು, ಆದರೂ ನನಗೆ ಇಷ್ಟು ಸಾಕು.

ಆದರೆ ಹುಡುಗರೇ ‘ಸಾರ್, ನೀವೇ ಪಾಠ ಮಾಡಿ, ನೋಟ್ಸ್ ಕೊಡಿ’ ಅಂತಾರಲ್ಲ?

ಅಂದೇ ಅನ್ನುತ್ತಾರೆ. ನನ್ನ ಮೇಲೆ ಪ್ರಿನ್ಸಿಪಾಲರ ಹತ್ತಿರ ದೂರು ಹೋಗಿತ್ತು: ಸಾರ್ ಪಾಠ ಮಾಡಲ್ಲ, ನಮ್ಮ ಕೈಯಲ್ಲೇ ಮಾಡಿಸ್ತಾರೆ. ಹಾರ್ವರ್ಡ್‌ನಲ್ಲೂ ಹೀಗೇ ಆಗಿದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ಗುಂಪಿಗೆ ನುರಿತ ಮೇಷ್ಟ್ರ ನಯವಾದ ಉಪನ್ಯಾಸ, ಇನ್ನೊಂದಕ್ಕೆ ತಾವೇ ಗುದ್ದಾಡಿ ಲೆಕ್ಕ ಬಿಡಿಸುವ ಕ್ಲಾಸು. ವಿಷಯ ಒಂದೇ. ಗುದ್ದಾಡಿದವರು ಟೆಸ್ಟಿನಲ್ಲಿ ಹೆಚ್ಚು ತೆಗೆದರು. ಆದರೆ ಎಷ್ಟು ಕಲಿತಿರಿ ಅಂತ ಕೇಳಿದಾಗ ಉಪನ್ಯಾಸ ಕೇಳಿದವರೇ ನಾವು ಜಾಸ್ತಿ ಕಲಿತೆವು ಅಂದರು! ನಯವಾದ ಪಾಠ ಕೇಳುವಾಗ ಎಲ್ಲ ಗೊತ್ತಾದ ಹಾಗೇ ಅನಿಸುತ್ತದೆ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದ ಹಾಗೆ.

ನಾನೀಗ ಮೊದಲ ವಾರವೇ ಈ ಪ್ರಯೋಗದ ಕತೆ ಹೇಳಿಬಿಡುತ್ತೇನೆ. ದೂರು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಇಂಟರ್ನಲ್ಸ್‌ನಲ್ಲಿ ನಾವು ಏನು ತಾನೇ ಬದಲಿಸಬಹುದು?

ನನ್ನ ಮಟ್ಟಿಗೆ ಎಲ್ಲ ಇರುವುದು ಇಲ್ಲೇ. ಪಾಠವನ್ನು ಎಷ್ಟೇ ಚೆಂದ ಬದಲಿಸಿ, ಟೆಸ್ಟಿನಲ್ಲಿ ಗೈಡಿನ ಪ್ರಶ್ನೆಯನ್ನೇ ಕೇಳಿದರೆ ಹುಡುಗರು ಗೈಡನ್ನೇ ಓದುತ್ತಾರೆ. ಅವರು ದಡ್ಡರಲ್ಲ.

ನಮ್ಮ ಕೈಯಲ್ಲಿರುವ ಅಂಕ ಎಷ್ಟು ಅಂತ ಮೊದಲು ನೋಡಿಕೊಳ್ಳಿ. ರಾಜ್ಯದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿ ಇದ್ದಾಗ ಥಿಯರಿ ಪೇಪರಿಗೆ 60 ಪರೀಕ್ಷೆ, 40 ಇಂಟರ್ನಲ್ಸ್. 2024-25ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದ ಮೇಲೆ ಹಲವು ಕಡೆ 80–20 ಆಗಿದೆ. ವಿಟಿಯು ಎಂಜಿನಿಯರಿಂಗಿನ 2022ರ ಸ್ಕೀಮಿನಲ್ಲಿ 50–50. ಇಪ್ಪತ್ತೇ ಇದ್ದರೂ ಅದು ನಮ್ಮದು. ಅದರಲ್ಲಿ ನಾನು ಮೂರು ಕೆಲಸ ಮಾಡುತ್ತೇನೆ.

ಮೊದಲನೆಯದು ಚಿಲ್ಲರೆ ಟೆಸ್ಟ್. ಪ್ರತಿ ಸೋಮವಾರ ಮೊದಲ ಐದು ನಿಮಿಷ, ಹೋದ ವಾರದ್ದು ಎರಡು ಪ್ರಶ್ನೆ, ಅದಕ್ಕೂ ಹಿಂದಿನದು ಒಂದು. ಪುಸ್ತಕ ಮುಚ್ಚಿ ಬರೆಯಬೇಕು. ತಾವೇ ತಿದ್ದಿಕೊಳ್ಳುತ್ತಾರೆ, ನನಗೆ ಹೊರೆಯಿಲ್ಲ. ಇದರ ಹಿಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ಮೇಲೆ ಕೇಳಿದರೆ ಓದಿದವರೇ ಮುಂದೆ: ಅವರಿಗೆ ನೂರಕ್ಕೆ 83 ನೆನಪಿತ್ತು, ನೆನಪಿಸಿಕೊಂಡವರಿಗೆ 71. ಒಂದು ವಾರ ಬಿಟ್ಟು ಕೇಳಿದರೆ ತಲೆಕೆಳಗು: ಓದಿದವರಿಗೆ ನೂರಕ್ಕೆ 40 ನೆನಪಿತ್ತು, ನೆನಪಿಸಿಕೊಂಡವರಿಗೆ 61. ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಸಲ ಓದುವವರು ಬೆಳಿಗ್ಗೆ ಹೇಗೆ ಪಾಸಾಗುತ್ತಾರೆ, ಮುಂದಿನ ಸೆಮ್‌ಗೆ ಹೇಗೆ ಖಾಲಿ ತಲೆಯಲ್ಲಿ ಬರುತ್ತಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ ನೋಡಿ.

ಎರಡನೆಯದು ಎರಡು ಹಂತದ ಟೆಸ್ಟ್. ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್‌ನವರು ಇದನ್ನು ಚೆನ್ನಾಗಿ ಬಳಸಿದ್ದಾರೆ. ಮೊದಲು ಒಬ್ಬೊಬ್ಬರೇ ಮಾಮೂಲಿಯಾಗಿ ಬರೆದು ಬ್ಲೂ ಬುಕ್ (ಟೆಸ್ಟಿನ ಉತ್ತರ ಪುಸ್ತಕ) ಕೊಟ್ಟುಬಿಡುತ್ತಾರೆ. ಕೂಡಲೇ ನಾಲ್ಕು ನಾಲ್ಕು ಜನರ ಗುಂಪು, ಅದೇ ಪ್ರಶ್ನೆಗಳು, ಗುಂಪಿಗೆ ಒಂದೇ ಉತ್ತರ ಪತ್ರಿಕೆ. ಟೆಸ್ಟ್ ಮುಗಿದು ಹೊರಗೆ ಬಂದ ತಕ್ಷಣ ಹುಡುಗರು ಕಾರಿಡಾರಿನಲ್ಲಿ ‘ಮೂರನೇದಕ್ಕೆ ನಿಂಗೆಷ್ಟು ಬಂತು?’ ಅಂತ ಕೇಳಿಕೊಳ್ಳುತ್ತಾರಲ್ವಾ? ಆ ಮಾತನ್ನೇ ಒಳಗೆ ಕರೆದುಕೊಂಡ ಹಾಗೆ. ಉತ್ತರ ತಿಳಿಯುವ ಹಸಿವು ಅಷ್ಟು ಜೋರಾಗಿರುವ ಹೊತ್ತು ಇಡೀ ಸೆಮ್‌ನಲ್ಲಿ ಇನ್ನೊಂದಿಲ್ಲ. ನಾವು ಅದನ್ನು ಇಷ್ಟು ವರ್ಷ ಕಾರಿಡಾರಿನಲ್ಲಿ ಚೆಲ್ಲುತ್ತಿದ್ದೆವು. 20 ಅಂಕದ ಟೆಸ್ಟಿನಲ್ಲಿ 17 ಒಬ್ಬರದು, 3 ಗುಂಪಿನದು.

ಮೂರನೆಯದು ತೀರಾ ಚಿಕ್ಕದು. ಬ್ಲೂ ಬುಕ್ ವಾಪಸ್ ಕೊಡುವಾಗ ಜೊತೆಗೆ ಅರ್ಧ ಹಾಳೆ. ಎಷ್ಟು ಹೊತ್ತು ಓದಿದೆ, ಹೇಗೆ ಓದಿದೆ, ಅಂಕ ಹೋಗಿದ್ದು ಸೂತ್ರ ಮರೆತಿದ್ದಕ್ಕೋ, ಲೆಕ್ಕ ತಪ್ಪಿದ್ದಕ್ಕೋ, ಪ್ರಶ್ನೆಯೇ ಅರ್ಥವಾಗದ್ದಕ್ಕೋ ಅಂತ ಬರೆಯಬೇಕು. ಮುಂದಿನ ಟೆಸ್ಟಿಗೆ ವಾರ ಮುಂಚೆ ಅದನ್ನು ಅವರ ಕೈಗೇ ವಾಪಸ್ ಕೊಡುತ್ತೇನೆ. ‘ಗೈಡ್ ಮಾತ್ರ ಓದಿದ್ದೆ’ ಅಂತ ತನ್ನದೇ ಅಕ್ಷರದಲ್ಲಿ ಓದುವುದಕ್ಕೂ, ನಾನು ಬೈಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಗುಂಪಿನ ಟೆಸ್ಟಿನಲ್ಲಿ ಏನೂ ಓದದವನಿಗೂ ಪುಕ್ಕಟೆ ಅಂಕ ಸಿಗಲ್ವಾ?

ಸಿಗುತ್ತದೆ, ಮೂರು ಅಂಕ. ಹದಿನೇಳು ಅವನೇ ಬರೆದು ತೆಗೆಯಬೇಕು. ಗುಂಪಿನದು ತನ್ನ ಅಂಕಕ್ಕಿಂತ ಕಡಿಮೆ ಬಂದರೆ ತನ್ನದನ್ನೇ ಪೂರ್ತಿ ಲೆಕ್ಕಕ್ಕೆ ಹಿಡಿಯುವ ನಿಯಮ ಇಟ್ಟುಕೊಳ್ಳಿ. ಆಗ ಚೆನ್ನಾಗಿ ಓದುವವರ ಗೊಣಗಾಟ ನಿಲ್ಲುತ್ತದೆ. ಗುಂಪುಗಳನ್ನು ನೀವೇ ಮಾಡಿ. ಅವರಿಗೆ ಬಿಟ್ಟರೆ ಒಂದೇ ಬಸ್ಸಿನಲ್ಲಿ ಬರುವವರೆಲ್ಲ ಒಂದೇ ಗುಂಪು.

ಪೇಪರ್ ತಿದ್ದುವಾಗ ಕಾಮೆಂಟ್ ಬರೆದರೆ ಯಾರೂ ಓದುವುದೇ ಇಲ್ಲವಲ್ಲ?

ಅಂಕ ಹಾಕಿದರೆ ಓದುವುದಿಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳಲ್ಲಿ ಇದನ್ನು ತೋರಿಸಿದರು. ಬರೀ ಕಾಮೆಂಟ್ ಪಡೆದವರು ಮುಂದೆ ಸುಧಾರಿಸಿದರು. ಅಂಕ ಪಡೆದವರು ಸುಧಾರಿಸಲಿಲ್ಲ, ಅಂಕದ ಜೊತೆ ಕಾಮೆಂಟ್ ಪಡೆದವರೂ ಅಷ್ಟೇ. ನಾನು ಅಸೈನ್‌ಮೆಂಟನ್ನು ಮೊದಲು ಕಾಮೆಂಟ್ ಮಾತ್ರ ಬರೆದು ಕೊಡುತ್ತೇನೆ. ತಿದ್ದಿ ತಂದ ಮೇಲೆ ಅಂಕ. ಎಲ್ಲರಿಗೂ ಉದ್ದುದ್ದ ಬರೆಯಲು ಆಗುವುದಿಲ್ಲ. ಒಂದು ತಪ್ಪು, ಒಂದು ಸಾಲು, ಅಷ್ಟೇ.

ಅಸೈನ್‌ಮೆಂಟ್ ಎಲ್ಲ ಚಾಟ್‌ಜಿಪಿಟಿಯಿಂದ ಬರುತ್ತಿದೆ. ಏನು ಮಾಡೋದು?

2022ರ ನವೆಂಬರಿಗೆ ಮುಂಚೆ ಸೀನಿಯರ್ ಅಸೈನ್‌ಮೆಂಟಿನ ಜೆರಾಕ್ಸ್‌ನಿಂದ ಬರುತ್ತಿತ್ತು. ಕಾಪಿ ಹೊಸದಲ್ಲ, ಈಗ ಇಂಗ್ಲಿಷ್ ಚೆನ್ನಾಗಿದೆ ಅಷ್ಟೇ. ಎಐ ಬರೆದದ್ದನ್ನು ಹಿಡಿಯುತ್ತೇವೆ ಅನ್ನುವ ಸಾಫ್ಟ್‌ವೇರ್ ನಂಬಿ ಯಾರ ಮೇಲೂ ಕೈ ಮಾಡಿ ತೋರಿಸಬೇಡಿ. ಅವು ಸ್ವಂತ ಬರೆದವರನ್ನೂ ಕಳ್ಳರು ಅನ್ನುತ್ತವೆ.

ಪ್ರಶ್ನೆ ಬದಲಿಸಿ. ನಮ್ಮ ಇತಿಹಾಸ ವಿಭಾಗದ ಮೇಡಂ ಒಬ್ಬರು ಕೊಟ್ಟ ಅಸೈನ್‌ಮೆಂಟ್ ನಾನು ಕಂಡ ಅತ್ಯುತ್ತಮ. ‘ವೀರಗಲ್ಲುಗಳ ಮಹತ್ವ ಬರೆಯಿರಿ’ ಅಂತ ಕೇಳುತ್ತಿದ್ದವರು, ನಿಮ್ಮೂರಿನ ಅಥವಾ ಪಕ್ಕದೂರಿನ ಒಂದು ವೀರಗಲ್ಲಿನ ಹತ್ತಿರ ಹೋಗಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬನ್ನಿ ಅಂದರು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಅವನು ದೇವರ ಮುಂದೆ ಕೂತಿರುವುದು. ನಿಮ್ಮ ಕಲ್ಲಿನಲ್ಲಿ ಏನಿದೆ, ಏನು ಬೇರೆ ಇದೆ, ದನ ಕಾಯುವ ಕಾಳಗವೋ ಊರು ಕಾಯುವ ಕಾಳಗವೋ, ಊರಿನವರು ಆ ಕಲ್ಲಿಗೆ ಏನಂತ ಕರೆಯುತ್ತಾರೆ? ಐದು ನಿಮಿಷ ಕ್ಲಾಸಿನ ಮುಂದೆ ಹೇಳಬೇಕು. ಒಬ್ಬ ಹುಡುಗನ ಊರಿನಲ್ಲಿ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರಂತೆ. ಅದೂ ವರದಿಗೆ ಬಂತು. ಇದನ್ನು ಯಾವ ಯಂತ್ರವೂ ಬರೆದುಕೊಡುವುದಿಲ್ಲ.

ಇದೇ ದಾರಿಯಲ್ಲಿ ಕಾಮರ್ಸ್‌ನವರು ತಮ್ಮ ಬೀದಿಯ ಕಿರಾಣಿ ಅಂಗಡಿಯ ಸಾಲದ ಪುಸ್ತಕ ಹಿಡಿಯಬಹುದು, ಹೆಸರು ಮುಚ್ಚಿ. ಮನೆಯಲ್ಲಿ ಬರೆದದ್ದು ಏನೇ ಇರಲಿ, ಎರಡು ನಿಮಿಷದ ವೈವಾ ಇರಲಿ. ‘ಈ ಸಾಲು ಯಾಕೆ ಬರೆದೆ?’ ಅಂತ ಒಂದು ಪ್ರಶ್ನೆ ಸಾಕು. ಎರಡನೇ ಸಲ ಅವರು ಓದಿಕೊಂಡೇ ಬರುತ್ತಾರೆ, ಚಾಟ್‌ಜಿಪಿಟಿ ಬರೆದದ್ದನ್ನಾದರೂ.

ಪ್ರಾಕ್ಟಿಕಲ್ಸ್ ಮೌಲ್ಯಮಾಪನಕ್ಕೆ ಏನಾದರೂ ಇದೆಯಾ?

ಇದೆ, ಡಾಕ್ಟರುಗಳಿಂದ ಕದ್ದದ್ದು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಅವರು 1975ರಲ್ಲಿ ಓಸ್ಕಿ ಅನ್ನುವ ಪರೀಕ್ಷೆ ತಂದರು. ಸಾಲಾಗಿ ಮೇಜುಗಳು, ಪ್ರತಿ ಮೇಜಿನಲ್ಲಿ ಕೆಲವೇ ನಿಮಿಷದ ಒಂದು ಕೆಲಸ: ಒಂದು ಕಡೆ ಬಿಪಿ ನೋಡಬೇಕು, ಇನ್ನೊಂದು ಕಡೆ ರೋಗಿಯ ಹತ್ತಿರ ಮಾತಾಡಬೇಕು. ಗಂಟೆ ಹೊಡೆದರೆ ಮುಂದಿನ ಮೇಜಿಗೆ. ಎಲ್ಲರಿಗೂ ಅದೇ ಕೆಲಸ, ಅದೇ ಚೆಕ್‌ಲಿಸ್ಟ್. ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಇದು ಈಗ ಮಾಮೂಲಿ.

ನನ್ನ ಲ್ಯಾಬಿನಲ್ಲಿ ಐದು ಮೇಜು, ನಾಲ್ಕು ನಾಲ್ಕು ನಿಮಿಷ. ಸ್ಕ್ರೂ ಗೇಜಿನ ಜೀರೊ ಎರರ್ ಹೇಳು, ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಅಳೆ, ವರ್ನಿಯರ್ ಓದು, ಗ್ರಾಫಿನ ಸ್ಲೋಪ್ ತೆಗೆ, ಬೇಕೆಂದೇ ತಪ್ಪು ಜೋಡಿಸಿದ ಸರ್ಕ್ಯೂಟ್ ಸರಿ ಮಾಡು. ಮೊದಲ ವರ್ಷ ಕಣ್ಣು ತೆರೆಯಿತು. ಲ್ಯಾಬ್ ರೆಕಾರ್ಡಿನಲ್ಲಿ ಪೂರ್ತಿ ಅಂಕ ತೆಗೆದವರು ಸ್ಕ್ರೂ ಗೇಜನ್ನು ತಿರುಗಿಸುವುದು ಯಾವ ಕಡೆಗೆ ಅಂತ ನನ್ನ ಮುಖ ನೋಡಿದರು. ರೆಕಾರ್ಡ್ ಬರೆದಿದ್ದರು, ಪ್ರಯೋಗ ಪಾರ್ಟ್‌ನರ್ ಮಾಡಿದ್ದ.

ಪುಸ್ತಕ ನೋಡಿ ಬರೆಯುವ ಪರೀಕ್ಷೆ?

ಪ್ರಶ್ನೆ ಮಾಡುವುದು ಕಷ್ಟ. ಉತ್ತರ ಪುಸ್ತಕದಲ್ಲೇ ಇದ್ದರೆ ಅದು ಪುಟ ಹುಡುಕುವ ಪರೀಕ್ಷೆ. ನಾನು ಕೊಡುವುದು ಒಂದೇ ರಿಯಾಯಿತಿ: ಕೈಯಲ್ಲಿ ಬರೆದ ಒಂದು ಎ4 ಹಾಳೆ ತರಬಹುದು. ಅದನ್ನು ತಯಾರು ಮಾಡುವುದರಲ್ಲೇ ಅರ್ಧ ಓದು ಮುಗಿದಿರುತ್ತದೆ.

ಸ್ವಯಂ, ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸುಗಳನ್ನು ಸೇರಿಸಿಕೊಳ್ಳಬಹುದಾ?

ನಿಮ್ಮ ವಿಶ್ವವಿದ್ಯಾಲಯ ಒಪ್ಪಿದರೆ. ಯುಜಿಸಿಯ 2021ರ ನಿಯಮ ಒಂದು ಸೆಮ್‌ನ ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಕೊಟ್ಟಿದೆ. ಎನ್‌ಪಿಟೆಲ್‌ನಲ್ಲಿ ವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಹುಡುಗರನ್ನು ಅದರೊಳಗೆ ಒಬ್ಬೊಬ್ಬರನ್ನೇ ಬಿಟ್ಟುಬಿಡಬೇಡಿ. ನಾಲ್ಕೈದು ಜನ ಒಟ್ಟಿಗೆ ಕೂತು ವಿಡಿಯೊ ನೋಡಿದರೆ ಮುಗಿಸುತ್ತಾರೆ.

ಸೆಮ್ ಕೊನೆಯ ಪೇಪರ್ ಹಳೆಯದೇ ಇದೆಯಲ್ಲ. ಮಕ್ಕಳಿಗೆ ಅನ್ಯಾಯ ಆಗಲ್ವಾ?

ಈ ಭಯ ನನಗೂ ಇತ್ತು. ಆ ಪೇಪರ್ ನಮ್ಮ ಕೈಯಲ್ಲಿಲ್ಲ, ಅದಕ್ಕೂ ತಯಾರು ಮಾಡಲೇಬೇಕು. ಕೊನೆಯ ಎರಡು ವಾರ ಹಳೆಯ ಪ್ರಶ್ನೆ ಪತ್ರಿಕೆಗಳಿಗೇ ಮೀಸಲು, ಅದರಲ್ಲಿ ನಾಚಿಕೆಯಿಲ್ಲ. ವ್ಯತ್ಯಾಸ ಇಷ್ಟೇ: ಮಾದರಿ ಉತ್ತರ ನಾನು ಬರೆಸುವುದಿಲ್ಲ. ಹೆಸರು ತೆಗೆದ ಮೂರು ಹಳೆಯ ಉತ್ತರ ಕೊಡುತ್ತೇನೆ. ಹತ್ತಕ್ಕೆ ಎಷ್ಟು ಕೊಡುತ್ತೀರಿ, ಯಾಕೆ ಅಂತ ಅವರೇ ತಿದ್ದಬೇಕು. ಮಹಾ ಜಿಪುಣರು ಅವರು! ನಾನು ಏಳು ಕೊಡುವ ಕಡೆ ನಾಲ್ಕು ಕೊಡುತ್ತಾರೆ. ಚಿತ್ರ ಹಾಕದಿದ್ದರೆ, ಯೂನಿಟ್ ಬರೆಯದಿದ್ದರೆ ಅಂಕ ಹೋಗುತ್ತದೆ ಅಂತ ನೂರು ಸಲ ಹೇಳಿದ್ದು ಆ ಒಂದು ದಿನದಲ್ಲಿ ಗೊತ್ತಾಗುತ್ತದೆ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ, ಕೋರ್ಸಿನ ಗುರಿಗಳನ್ನು ಇಡೀ ಡಿಗ್ರಿಯ ಗುರಿಗಳಿಗೆ ಹೊಂದಿಸುವ ಸಿಒ-ಪಿಒ ಮ್ಯಾಪಿಂಗಿಗೆ ಇದನ್ನೆಲ್ಲ ಹೇಗೆ ತೋರಿಸುವುದು?

ಕಾರ್ಡ್ ಎತ್ತಿದ ಲೆಕ್ಕ, ಅರ್ಧ ಹಾಳೆಗಳು, ಗುಂಪಿನ ಉತ್ತರ ಪತ್ರಿಕೆ ಎಲ್ಲ ಪುರಾವೆಯೇ. ಒಂದು ಬಾಕ್ಸ್ ಫೈಲಿಗೆ ಹಾಕಿಡಿ. ಸೆಮ್ ಶುರುವಿನಲ್ಲೇ ಅಂಕ ಹಂಚಿಕೆಯನ್ನು ಬರೆದು ಎಚ್‌ಒಡಿ ಸಹಿ ತೆಗೆದುಕೊಳ್ಳಿ. ಆಮೇಲೆ ಯಾರಾದರೂ ಕೇಳಿದಾಗ ಕಾಗದ ಮಾತಾಡುತ್ತದೆ.

ನೀವು ಮಾಡಿ ಸೋತದ್ದು ಯಾವುದು?

ಮನೆಯಲ್ಲಿ ವಿಡಿಯೊ ನೋಡಿ ಬನ್ನಿ, ಕ್ಲಾಸಿನಲ್ಲಿ ಲೆಕ್ಕ ಮಾಡೋಣ ಅನ್ನುವ ಫ್ಲಿಪ್ಡ್ ಕ್ಲಾಸು. ಇಪ್ಪತ್ತೆರಡು ವಿಡಿಯೊ ಮಾಡಿದೆ, ರಾತ್ರಿ ಹನ್ನೊಂದರವರೆಗೆ, ಫ್ಯಾನ್ ಆಫ್ ಮಾಡಿ. ನೋಡಿದವರು ಕೈಬೆರಳಲ್ಲಿ ಎಣಿಸುವಷ್ಟು. ಸೋಮಾರಿಗಳು ಅಂತ ಬೈದೆ. ಆಮೇಲೆ ಒಬ್ಬಳು ಹೇಳಿದಳು: ಮನೆಯಲ್ಲಿ ಒಂದೇ ಫೋನ್, ಅದು ಅಣ್ಣನ ಹತ್ತಿರ ಇರುತ್ತೆ ಸಾರ್, ಅವನು ಬರೋದು ಒಂಬತ್ತಕ್ಕೆ. ಕೇಳದೆ ಮಾಡಿದ್ದು ನನ್ನ ತಪ್ಪು. ಈಗ ವಿಡಿಯೊ ಬದಲು ಎರಡು ಪುಟದ ಜೆರಾಕ್ಸ್ ಕೊಡುತ್ತೇನೆ. ಬಸ್ಸಿನಲ್ಲಿ ಓದುತ್ತಾರೆ.

ಸೋಮವಾರವೇ ಶುರು ಮಾಡಬೇಕು ಅಂದರೆ ಏನು ಮಾಡಲಿ?

ಒಂದೇ ಒಂದು ಪ್ರಶ್ನೆ ತಯಾರು ಮಾಡಿಕೊಳ್ಳಿ, ನಿಮ್ಮ ಹುಡುಗರು ಪ್ರತಿ ವರ್ಷ ತಪ್ಪು ಮಾಡುವ ಜಾಗದ್ದು. ನಾಲ್ಕು ಉತ್ತರ ಇರಲಿ. ತಪ್ಪು ಉತ್ತರಗಳನ್ನು ಹೋದ ವರ್ಷದ ಬ್ಲೂ ಬುಕ್‌ಗಳಿಂದಲೇ ಆರಿಸಿ, ನೀವು ಕಲ್ಪಿಸಿ ಬರೆದದ್ದು ಅಷ್ಟು ಚೆನ್ನಾಗಿರುವುದಿಲ್ಲ. ಕಾರ್ಡ್ ಕೂಡ ಬೇಡ, ಬೆರಳು ಸಾಕು. ಪಕ್ಕದವರಿಗೆ ಕಾಣದ ಹಾಗೆ ಎದೆಯ ಮುಂದೆ ಹಿಡಿಯಲಿ. ಎ ಅಂದರೆ ಒಂದು ಬೆರಳು, ಬಿ ಅಂದರೆ ಎರಡು. ಒಂದು ಬೆರಳು ಅಂದರೆ ತೋರುಬೆರಳು ಅಂತ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ.